ಟೆಂಟಿನ ಅರ್ಧ ಪಾಲು

ಯಾರಾದರೂ ಬೀಚಿಗೆ ಹೋಗೋಣ ಎಂದರೆ ನನಗೆ ಮೊದಲು ಬರುವುದು ಸಿಟ್ಟು. ಸಮುದ್ರದ ಮೇಲಲ್ಲ, ಅದು ಪಾಪ ಏನು ಮಾಡೀತು. ಮಡಚುವ ಕುರ್ಚಿ, ನೆರಳಿನ ಟೆಂಟು, ಐಸ್ ತುಂಬಿದ ಎಸ್ಕಿ ಡಬ್ಬ, ಮಕ್ಕಳು ಅಲೆಯ ಮೇಲೆ ಹೊಟ್ಟೆ ಕೊಟ್ಟು ಜಾರುವ ಹಲಗೆ, ಇವನ್ನೆಲ್ಲ ಹೊತ್ತುಕೊಂಡು ನಗುನಗುತ್ತ ಮರಳಿನಲ್ಲಿ ನಡೆಯುವ ಎರಡು ಸಂಸಾರಗಳನ್ನು ಕಂಡರೆ ಸಿಟ್ಟು. ಹೋಗಿ ತಡೆದು, ಇದರ ಖರ್ಚು ಹೇಗೆ ಹಂಚಿಕೊಂಡಿರಿ, ಯಾರು ಯಾರಿಗೆ ಕೊಟ್ಟಿರಿ, ಕೊಡುವಾಗ ಏನೆಂದು ಹೇಳಿ ಕೊಟ್ಟಿರಿ ಎಂದು ಕೇಳಬೇಕೆನ್ನಿಸುತ್ತದೆ. ಕೇಳಿದರೆ ಹುಚ್ಚಿ ಅಂದಾರು. ಅದಕ್ಕೆ ಸುಮ್ಮನೆ ಕಾರಿನಲ್ಲಿ ಕೂತುಬಿಡುತ್ತೇನೆ.

ನಾವು ಧಾರವಾಡದವರು. ತೊಂಬತ್ತರ ದಶಕದ ನಡುವೆ ಸಿಡ್ನಿಗೆ ಬಂದಾಗ ಪರಮಟ್ಟಾದ ಹತ್ತಿರ ಎರಡು ಕೋಣೆಯ ಒಂದು ಯೂನಿಟ್ಟಿನಲ್ಲಿ ಬೆಳಗಾವಿಯ ಇನ್ನೊಂದು ಸಂಸಾರದ ಜೊತೆ ರೆಂಟ್ ಹಂಚಿಕೊಂಡು ಇದ್ದೆವು. ಆ ಸಂಸಾರದ ಯಜಮಾನಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೊದಲ ದಿನವೇ ಅಕ್ಕಾ ಎಂದು ಕರೆದೆ, ಆಕೆ ನನ್ನನ್ನು ತಂಗಿ ಎಂದಳು. ಇಲ್ಲಿ ಸಿಕ್ಕ ಹೆಂಗಸರನ್ನೆಲ್ಲ ಆಂಟಿ ಎಂದು ಕರೆದು ಮುಗಿಸುವ ಊರಿನಲ್ಲಿ ನಮ್ಮಿಬ್ಬರದು ಹಾಗಾಗಲಿಲ್ಲ.

ನನ್ನ ಮಗಳು ಹುಟ್ಟಿದಾಗ ನಮ್ಮವ್ವನಿಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡಿದವಳು ಅಕ್ಕ. ಅಂಟಿನ ಉಂಡಿ ಕಟ್ಟಿದಳು, ಅಳವಿ ಪಾಯಸ ಮಾಡಿ ಕುಡಿಸಿದಳು, ನನ್ನ ಕಿವಿಗೆ ಅರಿವೆ ಕಟ್ಟಿ ಬೈದು ಮಲಗಿಸಿದಳು. ಕೂಸಿಗೆ ಲೋಬಾನದ ಹೊಗೆ ಹಾಕಲು ಹೋಗಿ ಯೂನಿಟ್ಟಿನ ಬೆಂಕಿ ಅಲಾರಂ ಹೊಡೆದುಕೊಂಡಿತು. ಕೆಳಗಿನ ಮನೆಯ ಮುದುಕ ಬನಿಯನ್ನಿನಲ್ಲೇ ಓಡಿ ಬಂದ. ಅಕ್ಕ ಅವನ ಕೈಗೂ ಒಂದು ಉಂಡಿ ಕೊಟ್ಟು ಕಳಿಸಿದಳು. ಈ ದೇಶದಲ್ಲಿ ನನಗೆ ತವರುಮನೆ ಅಂತ ಒಂದು ಇದ್ದರೆ ಅದು ಆಕೆ ನಿಂತ ಒಲೆಯ ಮುಂದೆ ಇತ್ತು. ಇದು ನನಗೆ ಆಗಲೇ ಗೊತ್ತಿತ್ತು. ಕಳೆದುಕೊಂಡ ಮೇಲೆ ಬುದ್ಧಿ ಬಂತು ಎಂದು ಹೇಳಿಕೊಳ್ಳುವ ಸೌಲಭ್ಯವೂ ನನಗಿಲ್ಲ.

ಎರಡು ಸಾವಿರದ ಹೊತ್ತಿಗೆ ಅವರಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ನಾವು ಸಿಡ್ನಿಯಲ್ಲೇ ಕೆಲ್ಲಿವಿಲ್‌ನಲ್ಲಿ ಮಾರ್ಟ್‌ಗೇಜ್ ಕಟ್ಟಿಕೊಂಡು ಹೊಸ ಮನೆ ಹೊಕ್ಕೆವು. ನಮ್ಮವರು ದಿನಾ ಚಾಟ್ಸ್‌ವುಡ್‌ನ ಆಫೀಸಿಗೆ ಹೋಗಿ ಬಂದು ಸುಸ್ತಾಗುತ್ತಿದ್ದರು. ಅಗಲುವಾಗ ಒಂದು ಒಪ್ಪಂದ ಮಾಡಿಕೊಂಡೆವು. ಮಕ್ಕಳಿಗೆ ಜನವರಿ ರಜೆ ಬಂದಾಗ ಒಂದು ವರ್ಷ ಅವರು ಸಿಡ್ನಿಗೆ, ಮರುವರ್ಷ ನಾವು ಮೆಲ್ಬರ್ನಿಗೆ.

ಎರಡು ಸಾವಿರದ ಮೂರರ ಜನವರಿ ಮೆಲ್ಬರ್ನಿನ ಸರದಿ. ರೋಸ್‌ಬಡ್ ಎಂಬಲ್ಲಿ ಕೊಲ್ಲಿಯ ಪಕ್ಕ ಒಂದು ಹಳೆಯ ಮನೆಯನ್ನು ಒಂದು ವಾರಕ್ಕೆ ಬುಕ್ ಮಾಡಿದ್ದೆವು. ಅಲ್ಲಿ ನೀರು ಬಹಳ ದೂರದವರೆಗೂ ಮೊಣಕಾಲಷ್ಟೇ, ಮಕ್ಕಳಿಗೆ ಭಯವಿಲ್ಲ. ನಮ್ಮ ತಯಾರಿ ನೋಡಬೇಕಿತ್ತು! ಹಳೆಯ ಎರಡು ಚಾದರ, ಮಳೆಗಾಲದ ಕರಿ ಕೊಡೆ ಒಂದು, ಚಪಾತಿಯ ಡಬ್ಬಿ, ನೀರಿನ ಬಾಟಲಿ. ಸುತ್ತ ಎಲ್ಲ ಸಂಸಾರಗಳೂ ಟೆಂಟು ಕಟ್ಟಿ ಕುರ್ಚಿ ಹಾಕಿ ಕೂತಿದ್ದವು. ನಾವು ಎಂಟು ಮಂದಿ ಒಂದು ಕೊಡೆಯ ಕೆಳಗೆ ಸರದಿಯ ಮೇಲೆ ಕೂತೆವು. ಸಂಜೆಗೆ ನನ್ನ ಮಗಳ ಬೆನ್ನು ಕೆಂಪಾಗಿ ಬಿಸಿಲಿಗೆ ಜ್ವರ ಬಂತು.

ಅಕ್ಕ ಅವಳ ಬೆನ್ನಿಗೆ ಮೊಸರು ಹಚ್ಚುತ್ತ ತೀರ್ಮಾನ ಕೊಟ್ಟಳು. "ನಾಳೆ ಮುಂಜಾನೆ ಅಂಗಡಿಗೆ ಹೋಗಿ ಎಲ್ಲಾ ಸಾಮಾನ ತೊಗೊಂಡು ಬರೋಣು. ಅರ್ಧ ನಿಂದು, ಅರ್ಧ ನಂದು. ವರ್ಷಾ ಯಾರು ಕಾರ್ ತೊಗೊಂಡು ಹೋಗ್ತಾರ ಅವರ ಡಿಕ್ಕಿಯೊಳಗ ಸಾಮಾನ ಹೋಗತೈತಿ, ಬರತೈತಿ."

ಮರುದಿನ ತಂದೆವು. ನೀಲಿ ಟೆಂಟು, ನಾಲ್ಕು ಕುರ್ಚಿ, ಎಸ್ಕಿ, ಎರಡು ಹಲಗೆ. ಎಲ್ಲ ಸೇರಿ ನಾನೂರ ಇಪ್ಪತ್ತು ಡಾಲರ್. ಅಕ್ಕನ ಗಂಡ ತಮ್ಮ ಕಾರ್ಡ್ ಉಜ್ಜಿದರು. ನಾನು ಅಲ್ಲೇ ಕೌಂಟರಿನ ಮುಂದೆ ಪರ್ಸ್ ತೆಗೆದೆ. ಅಕ್ಕ ನನ್ನ ಕೈ ಹಿಡಿದಳು.

"ಇರಲಿ ಬಿಡ ತಂಗಿ, ಎಲ್ಲಿಗಿ ಓಡಿ ಹೋಗತೈತಿ ರೊಕ್ಕ."

ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ನಮ್ಮಲ್ಲಿ ರೊಕ್ಕ ಕೊಡುವವರೂ ಜಗಳಾಡುತ್ತಾರೆ, ತೊಗೊಳ್ಳುವವರೂ ಜಗಳಾಡುತ್ತಾರೆ. ಹತ್ತಿರದವರು ಕೊಡಲು ಬಂದರೆ ಎರಡು ಸಲ ಬೇಡ ಅನ್ನುವುದು ಮರ್ಯಾದೆ. ಮೂರನೆಯ ಸಲ ಒತ್ತಿ ಹಿಡಿದು ಕೊಡುವುದು ಕೊಡುವವರ ಜವಾಬ್ದಾರಿ. ಆಗ ತೊಗೊಂಡವರು, ಇದೇನು ನಿನ್ನದು, ಅತೀ ಆಯಿತು ಎಂದು ಬೈಯುತ್ತ ಪರ್ಸಿಗೆ ಹಾಕಿಕೊಳ್ಳುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೌಂಟರಿನದು ಮೊದಲನೆಯ ಸಲ.

ಉಳಿದ ಐದು ದಿನ ಸುಖವಾಗಿದ್ದೆವು, ಅದನ್ನೇಕೆ ಮುಚ್ಚಿಡಲಿ. ಎಂಜಿನಿಯರಿಂಗ್ ಓದಿದ ಇಬ್ಬರು ಗಂಡಸರು ಟೆಂಟು ಬಿಚ್ಚಲು ಐದು ನಿಮಿಷ, ತಿರುಗಿ ಮಡಚಲು ಮುಕ್ಕಾಲು ತಾಸು ತೊಗೊಳ್ಳುತ್ತಿದ್ದರು. ಅಕ್ಕ ಮತ್ತು ನಾನು ನೆರಳಿನಲ್ಲಿ ಕಾಲು ಚಾಚಿ ಕೂತು ಚಪಾತಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನುತ್ತ ಅವರ ಫಜೀತಿ ನೋಡಿ ನಗುತ್ತಿದ್ದೆವು. ಹಿಂಡಿಯಲ್ಲಿ ಮರಳು ಕರಕರ ಎನ್ನುತ್ತಿತ್ತು. "ಮರಳೂ ಅರ್ಧ ನಿಂದು, ಅರ್ಧ ನಂದು" ಎಂದಳು ಅಕ್ಕ.

ಹೊರಡುವ ದಿನ ಇನ್ನೂರ ಹತ್ತು ಡಾಲರನ್ನು ಆಕೆಯ ಚಹಾಪುಡಿ ಡಬ್ಬಿಯ ಕೆಳಗೆ ಇಟ್ಟು ಬಂದೆ. ಗೌಲ್ಬರ್ನ್‌ನಲ್ಲಿ ಪೆಟ್ರೋಲಿಗೆ ನಿಂತಾಗ ಮಗಳ ಬ್ಯಾಗಿನಲ್ಲಿ, ಬಿಸ್ಕಿಟ್ ಪೊಟ್ಟಣದ ಜೊತೆ, ಅದೇ ನೋಟುಗಳು ಸಿಕ್ಕವು. ಮನೆ ಮುಟ್ಟಿ ಫೋನ್ ಮಾಡಿದರೆ ಅಕ್ಕ ನಕ್ಕಳು. "ಕಳ್ಳರಂಗ ಡಬ್ಬಿ ಕೆಳಗ ಇಟ್ಟು ಹೋಗಾಕ ನಾ ಏನ ನಿನಗ ಸಾಲ ಕೊಟ್ಟೀನೇನ?" ಅದು ಎರಡನೆಯ ಸಲ.

ನಮ್ಮಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್. ಕೊಡುವುದು ಬಾಕಿ ಇದ್ದರೆ ಅನ್ನ ಇಳಿಯಬಾರದು ಎನ್ನುವವರು. ಆ ಇನ್ನೂರ ಹತ್ತು ನನ್ನ ಬೀರುವಿನಲ್ಲಿ ಒಂದು ಕವರಿನಲ್ಲಿ ಕೂತು ನನ್ನನ್ನು ಚುಚ್ಚುತ್ತಿತ್ತು. ಬ್ಯಾಂಕ್ ನಂಬರ್ ಹೇಳಕ್ಕಾ ಎಂದು ಕೇಳಲೂ ಧೈರ್ಯವಾಗಲಿಲ್ಲ. ಅಕ್ಕತಂಗಿಯರು ಬ್ಯಾಂಕ್ ನಂಬರ್ ಕೇಳಿಕೊಳ್ಳುವಷ್ಟು ಈ ದೇಶದವರಾಗಿದ್ದೇವೆಯೇ ಎಂಬ ಮುಜುಗರ.

ಆ ವರ್ಷ ಜುಲೈಯಲ್ಲಿ ಬೆಳಗಾವಿಯಲ್ಲಿ ಅಕ್ಕನ ತಾಯಿ ತೀರಿಕೊಂಡರು. ಅಕ್ಕ ಹೋಗಿ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಅಣ್ಣಂದಿರು ಹದಿಮೂರನೆಯ ದಿನವೇ ಮನೆಯ ಹಂಚಿಕೆಯ ಮಾತು ತೆಗೆದರಂತೆ. ಹೆಣ್ಣುಮಗಳು ಸಹಿ ಹಾಕಿ ಹೋಗಲಿ ಎಂದು ಕಾಗದ ಮುಂದಿಟ್ಟರಂತೆ. ಅಕ್ಕ ಸಹಿ ಹಾಕಿ ಬಂದಳು. ಫೋನಿನಲ್ಲಿ ಒಂದೇ ಮಾತು ಹೇಳಿದಳು. "ಇನ್ನ ನಾ ಆ ಊರಿಗೆ ಯಾರ ಮನಿಗೆ ಹೋಗಲಿ?" ನಾನು ಅಳುತ್ತ, ನಮ್ಮನಿ ಇಲ್ಲೇನಕ್ಕಾ ಎಂದೆ. ಹೇಳಿದಾಗ ಆ ಮಾತು ಖರೇ ಇತ್ತು.

ಅಕ್ಟೋಬರಿನ ಶಾಲೆಯ ರಜೆಯಲ್ಲಿ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ದಿನ ನಮ್ಮ ಮನೆಗೆ ಬಂದಳು. ಇಳಿದುಹೋಗಿದ್ದಳು. ನಾನು ಆಕೆಗೆ ತಲೆಗೆ ಎಣ್ಣೆ ಹಚ್ಚಿದೆ, ಹೋಳಿಗೆ ಮಾಡಿದೆ, ಒಂದು ಕೆಲಸ ಮುಟ್ಟಗೊಡಲಿಲ್ಲ. ಹೊರಡುವ ದಿನ ಉಡಿ ತುಂಬಬೇಕಲ್ಲ. ಮುತ್ತೈದೆ ಹೆಣ್ಣುಮಗಳು ತವರಿನಿಂದ ಹೊರಟಾಗ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಕಳಿಸುವುದು ನಮ್ಮಲ್ಲಿ ಬಿಟ್ಟದ್ದಿಲ್ಲ. ಅದಕ್ಕೆ ಎಲ್ಲವನ್ನೂ ತಾಟಿನಲ್ಲಿ ಹೊಂದಿಸುತ್ತಿದ್ದಾಗ ನನಗೆ ಒಂದು ಬುದ್ಧಿ ಹೊಳೆಯಿತು. ಹಾಳಾದ ಬುದ್ಧಿ.

ಉಡಿಯಲ್ಲಿ ಬಿದ್ದದ್ದನ್ನು ಹೆಂಗಸು ತಿರುಗಿ ಕೊಡುವಂತಿಲ್ಲ. ಬೇಡ ಅನ್ನುವಂತಿಲ್ಲ. ಅಲ್ಲೇ ಎಣಿಸಿ ನೋಡುವಂತೆಯೂ ಇಲ್ಲ. ಮೂರನೆಯ ಸಲ ಕೊಡಲು ಇದಕ್ಕಿಂತ ಭದ್ರವಾದ ಜಾಗ ಯಾವುದಿದೆ? ಬೀರು ತೆಗೆದು ಆ ಕವರನ್ನು ತಂದು ಖಣದ ಮಡಿಕೆಯೊಳಗೆ ಇಟ್ಟೆ. ಇಟ್ಟ ಮೇಲೆ ಕೈ ತಡೆಯಿತು. ಉಡಿಯಲ್ಲಿ ಸೊನ್ನೆಯಿಂದ ಮುಗಿಯುವ ರೊಕ್ಕ ಇಡಬಾರದು, ಹನ್ನೊಂದು, ಇಪ್ಪತ್ತೊಂದು, ನೂರಾ ಒಂದು ಎಂದೇ ಇಡಬೇಕು. ಇನ್ನೂರ ಹತ್ತನ್ನು ಹಾಗೇ ಹಾಕಲು ಮನಸ್ಸು ಒಪ್ಪಲಿಲ್ಲ. ಪರ್ಸಿನಿಂದ ಒಂದು ಡಾಲರಿನ ನಾಣ್ಯ ತೆಗೆದು ಸೇರಿಸಿದೆ. ಇನ್ನೂರ ಹನ್ನೊಂದು. ನನ್ನ ಚಾಣಾಕ್ಷತನಕ್ಕೆ ನಾನೇ ಖುಷಿಪಟ್ಟೆ. ಆ ಒಂದು ಡಾಲರ್ ಸೇರಿಸಿ, ಸಾಲದ ರೊಕ್ಕವನ್ನು ಮುಖ ಗುರುತು ಸಿಗದಂತೆ ಅಲಂಕಾರ ಮಾಡಿಟ್ಟೆ ಎಂಬುದು ನನಗೆ ಹೊಳೆಯಲೇ ಇಲ್ಲ.

ವಿಮಾನಕ್ಕೆಂದು ಅಕ್ಕ ಪ್ಯಾಂಟು ಹಾಕಿಕೊಂಡಿದ್ದಳು. ಸೆರಗಿಲ್ಲವಲ್ಲ ಎಂದು ನನ್ನ ಒಂದು ಓಢಣಿ ಹೆಗಲಿಗೆ ಹಾಕಿಕೊಂಡು ದೇವರ ಮುಂದೆ ಮಣೆಯ ಮೇಲೆ ಕೂತು ಅದರ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಐದು ಬೊಗಸೆ ಅಕ್ಕಿ ಹಾಕಿದೆ. ಕಾಯಿ, ಉತ್ತತ್ತಿ, ಅರಿಶಿನ ಬೇರು, ಕವರಿದ್ದ ಖಣ ಇಟ್ಟೆ. ಕುಂಕುಮ ಹಚ್ಚುವಾಗ ನೋಡಿದರೆ ಅಕ್ಕನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ತಿರುಗಿ ನನ್ನ ತಾಟಿಗೆ ಹಾಕಿ, "ತವರು ತಣ್ಣಗಿರಲಿ" ಎಂದಳು. ಅವ್ವನ ನೆನಪಾಗಿದೆ ಎಂದುಕೊಂಡೆ. ನಾನು ಆಕೆಯ ಹಿಂದೆ ನಿಂತು ಬೆನ್ನು ಸವರಿದೆ, ಕಾರಿನವರೆಗೂ ಕೈ ಬಿಡಲಿಲ್ಲ. ಮತ್ತು ಮನಸ್ಸಿನ ಮೂಲೆಯಲ್ಲಿ, ಸದ್ಯ, ಟೆಂಟಿನದು ಮುಗಿಯಿತು ಎಂಬ ಸಮಾಧಾನವೂ ಇತ್ತು. ಎರಡೂ ಒಂದೇ ಹೊತ್ತಿಗೆ ಇದ್ದವು.

ಮರುವರ್ಷ ಜನವರಿಗೆ ಅವರು ತಮ್ಮಲ್ಲೇ ಇದ್ದ ಸಾಮಾನು ಡಿಕ್ಕಿಗೆ ತುಂಬಿಕೊಂಡು ಸಿಡ್ನಿಗೆ ಬಂದರು. ಎರಡೂ ಕಾರು ಹೊರಡಿಸಿ ನ್ಯಾರಬೀನ್ ಬೀಚಿಗೆ ಹೋದೆವು. ಅಕ್ಕನ ಗಂಡ ಈ ಸಲ ಟೆಂಟು ಕಟ್ಟುವುದನ್ನು ಚೆನ್ನಾಗಿ ಕಲಿತು ಬಂದಿದ್ದರು. ಕೊನೆಯ ಗೂಟ ಹೊಡೆದು ಕೈ ಝಾಡಿಸಿ ಗಟ್ಟಿಯಾಗಿ ಕೂಗಿದರು. "ಬರ್ರಿ ಬರ್ರಿ, ಟೆಂಟು ನಮ್ಮದು, ನೆರಳು ನಿಮ್ಮದು! ಬಾಡಗಿ ಏನ ಕೇಳೂದಿಲ್ಲ."

ಎಲ್ಲರೂ ನಕ್ಕರು. ಅಕ್ಕ ಮಾತ್ರ ಗಂಡನ ಕಡೆ ಒಂದು ನೋಟ ನೋಡಿ ತಲೆ ತಗ್ಗಿಸಿ ಡಬ್ಬಿ ಬಿಚ್ಚತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ಅರ್ಧ ರೊಕ್ಕ ಎಣಿಸಿ ಕೊಟ್ಟು, ಮೇಲೆ ಒಂದು ಡಾಲರ್ ಹೆಚ್ಚಿಗೆ ಕೊಟ್ಟು, ಬಾಡಿಗೆಯ ಮಾತು ಕೇಳಬೇಕೇ? ನಾನು ಆ ದಿನ ನೆರಳಿಗೆ ಹೋಗಲಿಲ್ಲ. ಹಟ ಹಿಡಿದು ಬಿಸಿಲಿನಲ್ಲೇ ಚಾಪೆ ಹಾಸಿ ಕೂತೆ. ಅಕ್ಕ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ.

ಮನೆಗೆ ಬಂದು ನಮ್ಮವರ ಮುಂದೆ ಪಿಸುದನಿಯಲ್ಲೇ ಸಿಡಿದೆ. ಅವರು ಸಾಕ್ಸಿನಿಂದ ಮರಳು ಕೊಡವುತ್ತ, "ಚ್ಯಾಷ್ಟಿ ಮಾಡ್ಯಾರ, ಅದನ್ನ ಹಿಡಕೊಂಡು ಕೂಡಬ್ಯಾಡ. ನೀ ರೊಕ್ಕಾ ಕೊಟ್ಟೀದಿ ಹೌದಲ್ಲೋ?" ಎಂದರು.

"ಕೊಟ್ಟೀನಿ. ಉಡಿಯೊಳಗ ಇಟ್ಟೀನಿ."

"ಟೆಂಟಿಂದು ಅಂತ ಹೇಳಿ ಇಟ್ಟಿಯಿಲ್ಲೋ?"

"ಉಡಿಯೊಳಗ ಇಡೋದನ್ನ ಯಾರರೆ ಹೇಳಿ ಇಡ್ತಾರೇನ್ರಿ?"

ಅವರು ಸಾಕ್ಸು ಹಿಡಿದು ನನ್ನ ಮುಖವನ್ನೇ ನೋಡಿದರು. "ಮತ್ತ ಆಕಿ ಅದನ್ನ ಉಡಿ ಅಂತನ ತಿಳಕೊಂಡಿದ್ರ?"

"ಅಕ್ಕ ಸಣ್ಣ ಹುಡುಗಿ ಅಲ್ಲ. ಇನ್ನೂರು ಡಾಲರ್ ಯಾರು ಉಡಿಗೆ ಇಡ್ತಾರ?" ಎಂದೆ.

ಅಂದು ಅವರ ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಪಕ್ಕದ ಕೋಣೆಯಲ್ಲೇ ಮಕ್ಕಳ ತಲೆ ಒರೆಸುತ್ತಿದ್ದಳು. ಹತ್ತು ಹೆಜ್ಜೆ. ಹೋಗಲಿಲ್ಲ. ಸಿಟ್ಟಿನಲ್ಲಿ ಒಂದು ಸುಖವಿದೆ, ಅದನ್ನು ಅಷ್ಟು ಬೇಗ ಕೈಬಿಡಲು ನನಗೆ ಮನಸ್ಸಿರಲಿಲ್ಲ.

ಮೇ ತಿಂಗಳಲ್ಲಿ ಫೋನಿನಲ್ಲಿ ಅದೂ ಇದೂ ಮಾತಾಡುತ್ತ ಅಕ್ಕ, ಬೇಸಿಗೆಯ ಕೊನೆಗೆ ತಮ್ಮ ಬೀದಿಯ ಇನ್ನೊಂದು ಸಂಸಾರಕ್ಕೆ ಟೆಂಟು ಕೊಟ್ಟಿದ್ದೆವೆಂದೂ, ಅವರು ಗಾಳಿಗೆ ಅದರ ಒಂದು ಕೋಲು ಬಗ್ಗಿಸಿ ತಂದರೆಂದೂ ಸಹಜವಾಗಿ ಹೇಳಿದಳು. ಹೂಂ ಎಂದೆ, ಅಷ್ಟೇ. ಆದರೆ ಫೋನಿಟ್ಟ ಮೇಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ನಮ್ಮ ಕೆಲ್ಲಿವಿಲ್‌ನಲ್ಲೇ ಒಬ್ಬಾಕೆ ಇದ್ದಳು, ಆಕೆಯ ತಂಗಿ ಮೆಲ್ಬರ್ನಿನಲ್ಲಿ ಅಕ್ಕನಿಗೆ ಪರಿಚಯ. ಇದನ್ನು ತಿಳಿದೂ ಆಕೆಯ ಮುಂದೆ ಹೇಳಿದೆ. ನಮ್ಮ ಅರ್ಧ ಪಾಲಿನ ಸಾಮಾನನ್ನು ನಮ್ಮನ್ನು ಕೇಳದೆ ಊರಿಗೆಲ್ಲ ಹಂಚುತ್ತಾಳೆ ಎಂದೆ.

ಮಾತು ಮೆಲ್ಬರ್ನಿಗೆ ಹೋಗಿ ಎರಡು ವಾರದಲ್ಲಿ ತಿರುಗಿ ಬಂತು. ಅಕ್ಕ ಅಂದಳಂತೆ: "ಯಾವ ಅರ್ಧ? ಎಲ್ಲಾ ರೊಕ್ಕ ನಾವು ಕೊಟ್ಟೀವಿ. ವರ್ಷದ ಮ್ಯಾಲಾತು, ಒಂದು ಪೈಸಾ ನೋಡಿಲ್ಲ. ಕೇಳೂದು ನನ್ನ ಸ್ವಭಾವ ಅಲ್ಲ, ಅದಕ್ಕ ಬಿಟ್ಟೀನಿ."

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಆ ವಾರ ಎಷ್ಟು ಸಲ ಹೇಳಿಕೊಂಡೆನೋ. ನಮ್ಮವರು ತಮ್ಮ ಅನುಮಾನವನ್ನು ಇನ್ನೊಮ್ಮೆ ಹೇಳಿದರು, ನೀನೇ ಫೋನ್ ಮಾಡಿ ಬಿಡಿಸಿ ಹೇಳು ಎಂದರು. ಅವರ ಮಾತು ಸರಿ ಇರಬಹುದೆಂದು ಒಳಗೊಳಗೆ ನನಗೂ ಅನ್ನಿಸಿತ್ತು. ಆದರೆ ಅದು ಸರಿ ಇದ್ದರೆ ತಪ್ಪು ನನ್ನದಾಗುತ್ತಿತ್ತು. ಬಾಣಂತನ ಮಾಡಿದವಳು ಇನ್ನೂರು ಡಾಲರಿಗೆ ಸುಳ್ಳು ಹೇಳುತ್ತಾಳೆ ಎಂದು ನಂಬುವುದು ಅದಕ್ಕಿಂತ ಸುಲಭವಾಯಿತು. ಮನುಷ್ಯರು ಎಷ್ಟು ಕೆಳಗೆ ಇಳಿಯುತ್ತಾರೆ ಎಂದು ಯಾರಾದರೂ ಕೇಳಿದರೆ ಬೇರೆಯವರ ಉದಾಹರಣೆ ಹುಡುಕುವ ಅವಶ್ಯಕತೆ ನನಗಿಲ್ಲ.

ಮತ್ತೆ ಜನವರಿ ಹತ್ತಿರ ಬಂತು. ಮೆಲ್ಬರ್ನಿಗೆ ನಾವು ಹೋಗಬೇಕಾದ ಸರದಿ. ಡಿಸೆಂಬರಿನ ಒಂದು ಭಾನುವಾರ ಮುಂಜಾನೆ, ನಮ್ಮವರು ಟಿವಿಯಲ್ಲಿ ಕ್ರಿಕೆಟ್ ಹಚ್ಚಿ ಕೂತಿದ್ದಾಗ, ಅಕ್ಕನದೇ ಫೋನ್ ಬಂತು. ದನಿಯಲ್ಲಿ ಬಿಗುವಿತ್ತು, ಆದರೆ ಕರೆಯುವುದನ್ನು ಬಿಟ್ಟಿರಲಿಲ್ಲ. ಯಾವ ದಿನ ಹೊರಡುತ್ತೀರಿ, ಮಗಳಿಗೆ ಏನು ಮಾಡಿಡಲಿ ಎಂದು ಕೇಳಿದಳು. ಬೀಚಿನ ಮಾತು ಬಂದಾಗ, ಹಳೆಯ ಟೆಂಟಿನ ಕೋಲು ಬಗ್ಗಿತ್ತಲ್ಲ, ಕೌನ್ಸಿಲ್‌ನವರು ದೊಡ್ಡ ಕಸ ಒಯ್ಯುವ ದಿನ ಅದನ್ನೂ ಹರಿದ ಕುರ್ಚಿಗಳನ್ನೂ ಮನೆ ಮುಂದೆ ಹುಲ್ಲಿನ ಮೇಲೆ ಇಟ್ಟುಬಿಟ್ಟೆವು, ಹೊಸದು ತಂದಿದ್ದೇವೆ ಎಂದಳು.

"ಕಸಕ್ಕ ಇಟ್ಟ್ಯಾ?" ಎಂದೆ. "ಅದರಾಗ ಅರ್ಧ ನಂದಿತ್ತು. ಯಾರನ್ನ ಕೇಳಿ ಇಟ್ಟಿ?"

ಅಕ್ಕ ನಿಧಾನವಾಗಿ ಅಂದಳು. "ನೋಡ ತಂಗಿ, ನಾ ಎಂದೂ ನಿನ್ನ ಕೇಳಿಲ್ಲ. ಕೇಳೂದೂ ಇಲ್ಲ. ಆದರ ಕೊಡಲಾರದ ಅರ್ಧ ನಂದು ಅಂತ ಮಂದಿ ಮುಂದ ಹೇಳಬ್ಯಾಡ."

"ಕೊಡಲಾರದ? ಹೋದ ವರ್ಷ ಅಕ್ಟೋಬರದಾಗ ಬಂದಾಗ ನಿನ್ನ ಉಡಿಯೊಳಗ ಹಾಕಿ ಕೊಟ್ಟೀನಲ್ಲ! ಇನ್ನೂರ ಹನ್ನೊಂದು!"

ಹೇಳುವಾಗ ನನ್ನ ದನಿ ಗೆದ್ದವರ ದನಿಯಾಗಿತ್ತು. ಒಂದು ವರ್ಷದಿಂದ ಕಾದಿಟ್ಟ ಮಾತು. ಟಿವಿಯ ಸದ್ದು ಕಡಿಮೆ ಮಾಡಿ ನಮ್ಮವರು ಈ ಕಡೆ ತಿರುಗಿದರು.

"ಅದು ಟೆಂಟಿನ ರೊಕ್ಕಾ?" ಎಂದಳು ಅಕ್ಕ.

ಆಕೆಯೇ ಮಾತು ಮುಂದುವರಿಸಿದಳು, ಯಾರಿಗೋ ಒಪ್ಪಿಸುವಂತೆ, ಒಂದೊಂದೇ. "ಅವ್ವ ಹೋಗಿ ಮೂರು ತಿಂಗಳಾಗಿತ್ತು. ನಾ ಅದನ್ನ ಉಡಿ ಅಂತ ತಿಳಕೊಂಡೆ. ವಿಮಾನದಾಗ ಎಣಿಸಿ ನೋಡಿ ಇಷ್ಟ ಯಾಕ ಇಟ್ಟಾಳ ಹುಚ್ಚಿ ಅಂತ ಅತ್ತೆ. ಅವ್ವನ ವರ್ಷಾಂತಕ್ಕ ಅಣ್ಣಗಳು ಸೀರಿ ಉಡಸಲಿಲ್ಲ. ಆ ರೊಕ್ಕದಾಗ ನಾನ ಒಂದು ಸೀರಿ ತೊಗೊಂಡು ಉಟ್ಟೆ. ಎಲ್ಲಿದು ಅಂತ ಎಲ್ಲಾರೂ ಕೇಳಿದ್ರು. ಸಿಡ್ನಿಯೊಳಗ ನನ್ನ ತಂಗಿ ಅದಾಳ, ತವರಿನ ಸೀರಿ ಇದು ಅಂದೆ."

ಆಕೆ ಫೋನ್ ಇಡಲಿಲ್ಲ. ಕಾಯುತ್ತಿದ್ದಳು. ಉಸಿರಾಡುವುದು ನನಗೆ ಕೇಳುತ್ತಿತ್ತು. ಅದು ಉಡೀನ ಅಕ್ಕಾ, ಸಿಟ್ಟಿಲೆ ಏನೋ ಅಂದೆ, ಟೆಂಟಿಂದು ಇನ್ನೂ ಕೊಡೋದದ, ನಾಳೆ ಕಳಸ್ತೀನಿ. ಇಷ್ಟು ಹೇಳಿದ್ದರೆ ಸಾಕಿತ್ತು. ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಉಡಿ ತುಂಬುವಾಗ ಆಕೆಯ ಬೆನ್ನು ಸವರಿದ ಕೈ ನನ್ನದೇ, ಅದರಲ್ಲಿ ಲೆಕ್ಕವಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆ ಹೇಳಿದರೆ ಇಷ್ಟು ದಿನ ಮಂದಿಯ ಮುಂದೆ ಆಡಿದ್ದೆಲ್ಲ ನಾನು ನುಂಗಬೇಕಿತ್ತು. ಕೊಟ್ಟಿಲ್ಲ ಎಂದು ಒಪ್ಪಿಕೊಳ್ಳಬೇಕಿತ್ತು. ನಾನು ಕೊಟ್ಟವಳು.

"ಟೆಂಟಿಂದ" ಎಂದೆ. "ನೀ ಬ್ಯಾರೆ ತಿಳಕೊಂಡ್ರ ನಾ ಏನ ಮಾಡಲಿ?"

"ಖರೇ" ಎಂದಳು ಅಕ್ಕ. "ನೀ ಕೊಟ್ಟೀದಿ. ಕೊಟ್ಟಿಲ್ಲ ಅಂತ ನಾ ಮಂದಿ ಮುಂದ ಅಂದೆ, ಅದು ತಪ್ಪಾತು. ನಮ್ಮನಿಯವರಿಗೂ ಹೇಳ್ತೀನಿ." ಆಮೇಲೆ, ಅಂಗಡಿಯವರು ಚಿಲ್ಲರೆ ಹೇಳುವಷ್ಟೇ ಸಹಜವಾಗಿ, "ಒಂದು ಡಾಲರ್ ಹೆಚ್ಚಿಗಿ ಬಂದೈತಿ. ಕಳಸ್ತೀನಿ" ಎಂದು ಫೋನ್ ಇಟ್ಟಳು.

"ಏನಂದ್ಲು?" ಎಂದರು ನಮ್ಮವರು.

"ರೊಕ್ಕ ಮುಟ್ಟೇದ ಅಂತ ಒಪ್ಪಿಕೊಂಡ್ಲು" ಎಂದೆ.

"ಅಂತೂ ಮುಗೀತಲ್ಲ, ಚಲೋ ಆತು" ಎಂದು ಅವರು ಟಿವಿಯ ಸದ್ದು ಮತ್ತೆ ಏರಿಸಿದರು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಸೆರಗು ಬಾಯಿಗೆ ತುರುಕಿ ಅತ್ತೆ. ಹೊರಗೆ ಬಂದು ಫೋನ್ ಮಾಡಿದೆನೇ? ಇಲ್ಲ. ಮರುದಿನ ಮಾಡೋಣ ಎಂದುಕೊಂಡೆ. ಮರುದಿನ, ಇನ್ನೆರಡು ದಿನ ಹೋಗಲಿ, ಆಕೆಯ ಸಿಟ್ಟು ಇಳಿಯಲಿ ಎಂದುಕೊಂಡೆ. ಆಕೆಗೆ ಸಿಟ್ಟು ಬಂದಿರಲೇ ಇಲ್ಲ ಎಂಬುದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಜನವರಿ ಬಂತು. ಅಕ್ಕ ಕರೆಯಲಿಲ್ಲ, ನಾವು ಹೋಗಲಿಲ್ಲ.

ಆಗ ನನ್ನ ಮಗಳಿಗೆ ಎಂಟು ವರ್ಷ. ಅವಳು ಹಿಂದಿನ ವರ್ಷದ ಈಜುಡುಗೆಯನ್ನು ತಾನೇ ಹುಡುಕಿ ಬ್ಯಾಗಿಗೆ ಹಾಕಿ ಮೂರು ದಿನ ಬಾಗಿಲ ಹತ್ತಿರ ಇಟ್ಟಿದ್ದಳು. ಒಂದು ಮಧ್ಯಾಹ್ನ ಅದನ್ನು ನಾನು ಬಿಚ್ಚಿ ಬೀರುವಿಗೆ ಇಡುತ್ತಿದ್ದಾಗ ಬಂದು ನಿಂತಳು.

"ಆರ್ ವಿ ನಾಟ್ ಗೋಯಿಂಗ್ ಟು ಆಂಟೀಸ್?"

"ಇಲ್ಲ."

"ಈಸ್ ಇಟ್ ಅಬೌಟ್ ದ ಟೆಂಟ್ ಮನಿ?" ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. "ಬಟ್ ಮಮ್, ವಿ ಪೇಯ್ಡ್ ದೆಮ್. ಯು ಸೆಡ್ ವಿ ಪೇಯ್ಡ್."

"ಹೌದವ್ವಾ, ಕೊಟ್ಟೀವಿ" ಎಂದೆ. "ಅದಕ್ಕ ಹೋಗೂದಿಲ್ಲ."